ಅಪ್ಪನಿಗೊಂದು ಜೋಡಿನಳಿಗೆಯ ಕೋವಿ

ಅಪ್ಪನ ಹಳೆಯ ಕೋವಿಯ ಎಡನಳಿಗೆ ತುದಿಯಿಂದ ಒಂದು ಗೇಣು ಹಿಂದೆ ಉಬ್ಬಿಕೊಂಡಿತ್ತು. ಕಣ್ಣಿಗೆ ಕಾಣುವಷ್ಟೇನಲ್ಲ. ಸವರಿದರೆ ಆ ಜಾಗದಲ್ಲಿ ಬೆರಳು ತುಸು ಮೇಲೆದ್ದು ಇಳಿಯುತ್ತಿತ್ತು. ಮೈಸೂರಿನ ಕೋವಿ ಅಂಗಡಿಯವರು ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಳಗೆ ಇಣುಕಿ, "ಇನ್ನು ಇದಕ್ಕೆ ತೋಟಾ ಹಾಕಬೇಡಿ ಯಜಮಾನರೇ. ಸಿಡಿದರೆ ಎಡಗೈ ಉಳಿಯೋದಿಲ್ಲ" ಅಂದರು.

ಅಪ್ಪ ಎಡಗೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡು ನಿಂತಿದ್ದರು. ಹಿಂದಿನ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಮಾತು ಒಂದು ವಾರದಲ್ಲಿ ಮರಳಿತು, ಕಾಲು ಎರಡು ತಿಂಗಳಿಗೆ ಸರಿಹೋಯಿತು, ಕೈ ಮಾತ್ರ ಅರ್ಧಕ್ಕೆ ನಿಂತಿತು. ಬೆರಳು ಮಡಿಸುತ್ತಿದ್ದರು. ಮಡಿಸಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರಾಡಿದ ಮಾತು ಒಂದೇ. "ಇನ್ನೊಂದ್ ತಕಬೇಕು ಕಣವ್ವ. ಜೋಡಿನಳಿಗೇದೇ ಆಗ್ಬೇಕು."

ನಮ್ಮದು ಹನೂರಿನಿಂದ ಕೌದಳ್ಳಿಗೆ ಹೋಗುವ ದಾರಿಯ ಬದಿಯ ಹಳ್ಳಿ. ನಾನು ಮದುವೆಯಾಗಿ ಸೇರಿದ್ದು ಯಳಂದೂರು. ಕೆಲಸ ಕೊಳ್ಳೇಗಾಲದ ಪಿಯು ಕಾಲೇಜಿನಲ್ಲಿ, ಜೀವಶಾಸ್ತ್ರ ಪಾಠ ಮಾಡುವುದು. ಮೆದುಳಿನ ಯಾವ ಭಾಗ ಕೈಯನ್ನು ಆಡಿಸುತ್ತದೆ, ಅಲ್ಲಿ ರಕ್ತ ನಿಂತರೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷವರ್ಷವೂ ಹೇಳುತ್ತೇನೆ. ಭಾನುವಾರ ತವರಿಗೆ ಹೋದರೆ ಅಪ್ಪ ಜಗಲಿಯ ಮೇಲೆ ಕೂತು ರಬ್ಬರ್ ಚೆಂಡೊಂದನ್ನು ಹಿಸುಕುತ್ತಿರುತ್ತಿದ್ದರು. ಚೆಂಡು ಜಾರಿ ಉರುಳಿ ಹೋಗುತ್ತಿತ್ತು. ನಾನು ಎತ್ತಿಕೊಡುತ್ತಿದ್ದೆ. ನನ್ನಿಂದ ಆಗುತ್ತಿದ್ದದ್ದು ಅಷ್ಟೇ.

ಹರೆಯದಲ್ಲಿ ಅಪ್ಪ ಹಕ್ಕಿ ಹೊಡೆಯುತ್ತಿದ್ದರು. ಜೋಳ ಕೊಯ್ದ ಹೊಲದ ಕೂಳೆಯಲ್ಲಿ ಕೌಜುಗ, ಹುರುಳಿ ಹೊಲದಲ್ಲಿ ಬುರ್ಲಿ. ಆಮೇಲೆ ಕಾಯ್ದೆ ಬಂತು. ಮುಟ್ಟಬಾರದು ಎಂದ ಮೇಲೆ ಅಪ್ಪ ಮುಟ್ಟಲಿಲ್ಲ. ಸುತ್ತಮುತ್ತ ಕದ್ದು ಹೊಡೆಯುವವರಿದ್ದರು, ಇವರಿಗೂ ಕರೆ ಬರುತ್ತಿತ್ತು, ಹೋಗಲಿಲ್ಲ. ಕೋವಿ ಬೆಳೆ ಕಾಯಲು ಅಂತ ಮನೆಯಲ್ಲಿ ಉಳಿಯಿತು. ಹಂದಿ ಬಂದರೆ ಆಕಾಶಕ್ಕೊಂದು ಗುಂಡು, ಅಷ್ಟೆ. ಎಷ್ಟೋ ವರ್ಷದ ನಂತರ ಗೆಳೆಯರೊಬ್ಬರು ಅವರನ್ನು ಮೈಸೂರಿನ ಆಚೆಗಿರುವ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಅಲ್ಲಿ ಯಂತ್ರವೊಂದು ಮಣ್ಣಿನ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ, ಹಾರುವ ಬಿಲ್ಲೆಗೆ ಹೊಡೆಯಬೇಕು. ಅಪ್ಪ ಅವತ್ತು ಮನೆಗೆ ಬಂದು ಅವ್ವನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಸಾಯದೇ ಇರೋ ಹಕ್ಕಿ ಕಂಡಿಡ್ದವ್ರೆ ಕಣೇ!" ಲೈಸೆನ್ಸಿಗೆ ಕ್ರೀಡೆಯ ಕಾರಣವನ್ನೂ ಸೇರಿಸಿಕೊಂಡು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹೋಗಿ ಬರುತ್ತಿದ್ದರು. ಲಕ್ವ ಹೊಡೆದ ಮೇಲೆ ಹೋಗಿರಲಿಲ್ಲ.

ಹೊಸ ಕೋವಿಯ ಮಾತು ಕೇಳಿದ ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಅನ್ನದ್ ತಟ್ಟೆ ಇಡ್ಕಳಕ್ಕಾಗದಿಲ್ಲ, ಕೋವಿ ಇಡ್ಕತಾರಂತೆ."

"ಅದು ಬ್ಯಾರೆ, ಇದು ಬ್ಯಾರೆ" ಅಂದರು ಅಪ್ಪ.

"ಎಂಗ್ ಬ್ಯಾರೆ? ಕೈ ಅದೇ ತಾನೆ?"

ಅಪ್ಪ ನನ್ನ ಕಡೆ ತಿರುಗಿದರು. ನಾನು ಅವರ ಪರವಾಗಿ ಏನಾದರೂ ಹೇಳುತ್ತೇನೆಂದು ಕಾದರು. ಡಾಕ್ಟರ ಹತ್ತಿರ ನಾನೊಬ್ಬಳೇ ಹೋಗಿ ಮಾತಾಡಿ ಬಂದಿದ್ದೆ. ಇಷ್ಟು ತಿಂಗಳಾದ ಮೇಲೆ ಇನ್ನು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ ಅಂದಿದ್ದರು ಅವರು. ಅದನ್ನು ಅಪ್ಪನಿಗೆ ಹೇಳಲು ಬಾಯಿ ಬಂದಿರಲಿಲ್ಲ, ಅವರೂ ಕೇಳಿರಲಿಲ್ಲ. "ನೋಡೋಣ ಬುಡವ್ವ, ನೋಡಕ್ಕೇನು" ಅಂದೆ ಅವ್ವನಿಗೆ. ಹಾಗೆ ಹುಡುಕಾಟ ಶುರುವಾಯಿತು.

ಹೊಸ ವಿದೇಶಿ ಕೋವಿ ನಮ್ಮ ದುಡ್ಡಿನ ಅಳತೆಗೆ ಮೀರಿದ್ದು. ಲೈಸೆನ್ಸ್ ಇದ್ದವರು ತಮ್ಮ ಕೋವಿ ಮಾರುವುದಿದ್ದರೆ ಕಚೇರಿಗೆ ತಿಳಿಸಿ, ಕಾಗದ ಮಾಡಿಸಿ, ಇನ್ನೊಬ್ಬ ಲೈಸೆನ್ಸುದಾರನಿಗೆ ಕೊಡಬಹುದು. ಅಂಥವನ್ನು ಹುಡುಕುವುದೆಂದು ಅಪ್ಪ ತೀರ್ಮಾನಿಸಿದರು. ಮೊದಲನೆಯದು ಕೊಳ್ಳೇಗಾಲದಲ್ಲೇ ಸಿಕ್ಕಿತು. ರೇಷ್ಮೆ ವ್ಯಾಪಾರದ ಮನೆ. ವ್ಯಾಪಾರಿ ತೀರಿಕೊಂಡು ಕೋವಿ ಅವರ ಹೆಂಡತಿಯ ಹೆಸರಿಗೆ ಬಂದಿತ್ತು. ಆಕೆ ನಮ್ಮನ್ನು ನಡುಮನೆಯಲ್ಲಿ ಕೂರಿಸಿ, ಹಳೆಯ ಚರ್ಮದ ಪೆಟ್ಟಿಗೆಯೊಂದನ್ನು ತಂದು ದಿವಾನದ ಮೇಲೆ ಇಟ್ಟರು.

"ನಮ್ಮೆಜಮಾನ್ರು ವರ್ಸಕ್ಕೊಂದ್ ದಿನ ಎಣ್ಣೆ ಒರೆಸಿ ಮಡಗೋರು. ಹೊಡದಿದ್ದು ನಾನಂತೂ ಕಾಣೆ" ಅಂದರು.

ಅಪ್ಪ ಬಲಗೈಯಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತಿಕೊಟ್ಟರು, ನಾನು ಅವರು ಹೇಳಿದಂತೆ ಜೋಡಿಸಿದೆ. ಜೋಡಿಸುವ ಮುಂಚೆ ನಳಿಗೆಯನ್ನು ನನ್ನ ಬೆರಳಿಗೆ ತೂಗುಬಿಡಿಸಿ ಉಗುರಿನಿಂದ ತಟ್ಟು ಅಂದರು. ತಟ್ಟಿದೆ. ಕಂಚಿನ ತಣಿಗೆ ತಟ್ಟಿದ ಹಾಗೆ ಸಣ್ಣಗೆ ಎಳೆದುಕೊಂಡು ಹೋಯಿತು ಸದ್ದು.

"ಕೇಳ್ತಾ? ಎರಡು ನಳಿಗೆ ನಡುವಿನ ಬೆಸುಗೆ ಬುಟ್ಟಿದ್ರೆ ಡಬ್ಬ ತಟ್ದಂಗೆ ಕೇಳದು. ಇದು ಬುಟ್ಟಿಲ್ಲ." ಕೋವಿ ಮಡಿಸಿ, ಮುಚ್ಚಿ, ಅಲ್ಲಾಡಿಸಿ ನೋಡು ಅಂದರು. ಎಲ್ಲೂ ಕಟಕಟ ಅನ್ನಲಿಲ್ಲ. ಕೀಲು ಗಟ್ಟಿ. ಅಪ್ಪನ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಒಂದು ಕಳೆ ಬಂತು. ಎದ್ದು ನಿಂತು, ಕೋವಿಯನ್ನು ಭುಜಕ್ಕೆ ತಂದರು. ಎಡಗೈ ಮುಂದೆ ಹೋಗಿ ನಳಿಗೆಯ ಕೆಳಗೆ ಕೂತಿತು. ಆ ಕೋವಿ ಅಷ್ಟು ಹಗುರ. ಗೋಡೆಯ ಮೇಲಿನ ಕ್ಯಾಲೆಂಡರಿನಿಂದ ಕಿಟಕಿಯವರೆಗೆ ಒಂದು ಹಕ್ಕಿಯನ್ನು ಹಿಂಬಾಲಿಸಿದ ಹಾಗೆ ನಳಿಗೆ ನಿಧಾನವಾಗಿ ಸರಿಯಿತು.

ಆಮೇಲೆ ಕೋವಿ ಇಳಿಸಿ, ನಳಿಗೆಯ ಅಡಿಯಲ್ಲಿ ಕೊರೆದಿದ್ದ ಗುರುತನ್ನು ಓದಿದರು. ಓದಿದವರು ಹಾಗೇ ಕೂತುಬಿಟ್ಟರು.

"ಏನಪ್ಪ?"

"ಹದಿನಾರ್ ಬೋರು ಕಣವ್ವ. ಇದುಕ್ಕೆ ತೋಟಾ ಸಿಕ್ಕದಿಲ್ಲ."

ನಮ್ಮ ಕಡೆ ಸಿಗುವುದು ಇದಕ್ಕಿಂತ ದಪ್ಪ ನಳಿಗೆಗೆ ಹೋಗುವ ಹನ್ನೆರಡು ಬೋರಿನ ತೋಟಾ. ಹದಿನಾರರದು ಯಾರೂ ತರಿಸುವುದಿಲ್ಲ ಅಂದರು. ನಾನು ಬಿಡದೆ ಅಲ್ಲೇ ಕೂತು ಮೈಸೂರಿಗೆ ಫೋನ್ ಮಾಡಿದೆ, ಬೆಂಗಳೂರಿನ ಅಂಗಡಿಗೂ ಮಾಡಿದೆ. ಇಲ್ಲ, ಇಲ್ಲ, ಬರುವುದೂ ಇಲ್ಲ. ಮನೆಯಾಕೆ ಕಾಫಿ ತಂದು ಇಟ್ಟರು. ಅಪ್ಪ ಬಲಗೈಯಲ್ಲಿ ಕೋವಿಯ ಮರವನ್ನು ಸವರುತ್ತ, "ಚೆನ್ನಾಗಿ ಮಡಗಿದ್ರಿ ಕಣ್ರಿ ತಾಯಿ" ಅಂದರು. ಅವರ ಕೈ ಎತ್ತಬಲ್ಲ ಕೋವಿ ಇದ್ದದ್ದು ಅದೊಂದೇ. ಅದನ್ನು ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಳ ಮುಚ್ಚಿದವಳು ನಾನು.

ಎರಡನೆಯದು ಯಳಂದೂರಿನಲ್ಲಿ, ನಮ್ಮ ಮನೆಗೆ ಎರಡು ಬೀದಿ ಆಚೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ನಳಿಗೆ ತಟ್ಟಿದರೆ ಡಬ್ಬದ ಸದ್ದು. ಮಡಿಸಿ ಮುಚ್ಚಿದರೆ ಹಳೆಯ ಕಿಟಕಿಯಂತೆ ಆಡುತ್ತಿತ್ತು. ಒಳಗೆ ಇಣುಕಿದರೆ ತುಕ್ಕು ತಿಂದ ಗುಳಿಗಳು. ಮಾರುವವರು ಮಾತ್ರ, "ನಮ್ ತಾತನ್ ಕಾಲದ್ದು ಸಾ, ಇಂಥ ಮಾಲು ಈಗೆಲ್ ಬರ್ತದೆ?" ಅನ್ನುತ್ತಲೇ ಇದ್ದರು. "ನಿಮ್ ತಾತನ್ ಜೊತೇಲೆ ಇದೂ ಓಗಿತ್ತು ಕಣಪ್ಪ" ಅಂದು ಅಪ್ಪ ಎದ್ದು ಬಂದರು. ಬೀದಿಯಲ್ಲಿ ನಾನು ನಕ್ಕೆ. ಅವರು ನಗಲಿಲ್ಲ.

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಗಂಡ ಮೆಲ್ಲಗೆ ಕೇಳಿದರು, "ಮಾವ, ಒಂದರ ಮೇಲೊಂದು ನಳಿಗೆ ಇರೋ ಕೋವಿ ಬರ್ತವಲ್ಲ, ರೇಂಜಿಗೆ ಬರೋರೆಲ್ಲ ಈಗ ಅದನ್ನೇ ಇಟ್ಕಂಡಿರ್ತಾರಂತೆ. ಅದೇ ಯಾಕಾಗಬಾರದು?"

ಅಪ್ಪ ತುತ್ತು ಕೆಳಗಿಟ್ಟು ಬಲಗೈಯ ಎರಡು ಬೆರಳನ್ನು ಒಂದರ ಪಕ್ಕ ಒಂದು ಸೇರಿಸಿ ಕಣ್ಣಿನ ಮುಂದೆ ಹಿಡಿದರು. "ನೋಡಿ, ಪಕ್ಕಪಕ್ಕ ಇದ್ರೆ ಎರಡ್ರ ನಡುವೆ ಒಂದು ದಾರಿಯಂಗೆ ಕಾಣ್ತದೆ. ದಾರಿ ತುದೀಲಿ ಹಕ್ಕಿ ಇರ್ತದೆ. ನಾನು ಕಲ್ತಿರದು ಆ ದಾರಿ ನೋಡದು. ಬ್ಯಾರೇದು ಎತ್ತುದ್ರೆ ಒಂದು ಕಡ್ಡಿ ಕಾಣ್ತದೆ, ಅಷ್ಟೆ."

ನನ್ನ ಗಂಡ ತಲೆಯಾಡಿಸಿ ಮಾವನ ತಟ್ಟೆಗೆ ಸಾರು ಬಡಿಸಿದರು.

ಮೂರನೆಯದಕ್ಕೆ, ಹಳೆಯ ಕೋವಿ ತೋರಿಸಿದ್ದ ಮೈಸೂರಿನ ಅಂಗಡಿಗೇ ಹೋದೆವು. ಕಾರು ಬಾಡಿಗೆಗೆ ಹಿಡಿದು, ನಮ್ಮೂರಿಂದ ಬೆಳಿಗ್ಗೆಯೇ ಹೊರಟು. ಅವರ ಹತ್ತಿರ ನಮ್ಮ ದೇಶದ್ದೇ ಕಾರ್ಖಾನೆಯಲ್ಲಿ ಮಾಡಿದ ಜೋಡಿನಳಿಗೆಯ ಕೋವಿ ಎರಡಿದ್ದವು. ಹನ್ನೆರಡು ಬೋರು, ಗಟ್ಟಿ ಕೆಲಸ, ನಮಗೆ ಎಟುಕುವಂಥವು. ಒಂದು ಹೊಸದು, ಇನ್ನೊಂದು ಯಾರೋ ಕೊಂಡು ಹೆಚ್ಚು ಬಳಸದೆ ಮರಳಿ ಕೊಟ್ಟದ್ದು. ಅಂಗಡಿಯವರು ಹೊಸದನ್ನು ಅಪ್ಪನ ಮುಂದಿಟ್ಟರು. ಅಪ್ಪ ಬಲಗೈಯಲ್ಲಿ ಹಿಡಿ ಹಿಡಿದು ಎತ್ತಿದರು. ಎಡಗೈ ನಳಿಗೆಯ ಕೆಳಗೆ ಹೋಯಿತು. ಕೋವಿ ಭುಜದವರೆಗೆ ಬಂತು, ಆದರೆ ತುದಿ ನೆಲದ ಕಡೆಗೇ ಬಗ್ಗಿತ್ತು. ಅಪ್ಪ ಎತ್ತಲು ನೋಡಿದರು. ಕತ್ತಿನ ನರ ಉಬ್ಬಿತು. ತುದಿ ಗಾಜಿನ ಮೇಜಿನ ಅಂಚಿಗೆ ಟಕ್ಕೆಂದು ತಗುಲಿತು.

ಅಂಗಡಿಯವರು ಲೆಕ್ಕದ ಪುಸ್ತಕದ ಕಡೆ ತಲೆ ಬಗ್ಗಿಸಿದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಾನು ಎಲ್ಲಿ ನೋಡಲಿ ಎಂದು ತಿಳಿಯದೆ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಏರ್‌ಗನ್ನುಗಳನ್ನು ನೋಡಿದೆ. ಓಡಿಹೋಗಿ ನಳಿಗೆಯ ಕೆಳಗೆ ನನ್ನ ಕೈ ಕೊಡಬೇಕೆಂದು ಒಂದು ಮನಸ್ಸು. ಕೊಟ್ಟರೆ ಅವರನ್ನು ಎಲ್ಲರೆದುರು ಸೋಲಿಸಿದ ಹಾಗೆ ಎಂದು ಇನ್ನೊಂದು. ನಿಂತಲ್ಲೇ ನಿಂತೆ.

ಅಪ್ಪ ಕೋವಿಯನ್ನು ಮೇಜಿನ ಮೇಲೆ ಮಲಗಿಸಿದರು. ಆಮೇಲೆ, "ಬಾವ್ವ ಇಲ್ಲಿ. ಕೈ ಮಡ್ಸು" ಅಂದರು.

ನನ್ನ ಬಲಗೈಯನ್ನು ಮೊಣಕೈಯಲ್ಲಿ ಮಡಿಸಿ, ಕೋವಿಯ ಮರದ ಹಿಡಿಯ ಹಿಂಭಾಗವನ್ನು ಮೊಣಕೈ ಒಳಮಡಿಕೆಗೆ ಒತ್ತಿ ಕೂರಿಸಿದರು. ತೋರುಬೆರಳು ಟ್ರಿಗರಿಗೆ ಎಲ್ಲಿಗೆ ಮುಟ್ಟುತ್ತದೆ ಅಂತ ಬಗ್ಗಿ ನೋಡಿದರು. "ಉದ್ದ ಆಯ್ತು" ಅಂದು ಅದನ್ನು ಬಿಟ್ಟು ಎರಡನೆಯದನ್ನು ತರಿಸಿದರು. ಅದರ ಹಿಡಿಯನ್ನು ಮೊದಲಿನವರು ತುಸು ಕೊಯ್ಯಿಸಿ ಗಿಡ್ಡ ಮಾಡಿಸಿದ್ದರು. ಬೆರಳು ಸರಿಯಾಗಿ ಕೂತಿತು.

"ಅಪ್ಪ, ಕೋವಿ ನಿಮಗೆ. ನನ್ನಳತೆ ಯಾಕೆ?"

"ಎತ್ತು ನೋಡನ. ಕೆನ್ನೆ ಮರುಕ್ಕೆ ತಾಗ್ಬೇಕು. ಕಣ್ಣು ಕೆಳುಕ್ಕೆ ತಕಬ್ಯಾಡ, ಕೋವಿ ಕಣ್ಣತ್ರುಕ್ಕೆ ಬರ್ಬೇಕು."

ಎತ್ತಿದೆ. ಎರಡು ನಳಿಗೆಗಳ ನಡುವೆ ಅವರು ಹೇಳಿದ ದಾರಿ ಕಂಡಿತು. ನನಗೆ ಕೋವಿ ಬೇಕಿರಲಿಲ್ಲ. ಚಿಕ್ಕಂದಿನಿಂದ ಅದರ ಸದ್ದಿಗೇ ಹೆದರಿದವಳು ನಾನು. ಹಂದಿ ಓಡಿಸಲು ಅಪ್ಪ ಹೊರಟರೆ ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದೆ. ಬೇಡಪ್ಪ ಎಂದು ಹೇಳಲು ಅದೇ ಗಳಿಗೆ ಇತ್ತು. ಅವರು ನನ್ನ ಪಕ್ಕದಲ್ಲಿ ನಿಂತು, ನನ್ನ ಎಡಗೈ ನಳಿಗೆಯ ಕೆಳಗೆ ಎಷ್ಟು ನೇರವಾಗಿ ನಿಂತಿದೆ ಎಂದು ನೋಡುತ್ತಿದ್ದರು. ನನ್ನ ಮುಖವನ್ನಲ್ಲ, ಆ ಕೈಯನ್ನೇ ನೋಡುತ್ತಿದ್ದರು. ನಾನು ಕೋವಿ ಇಳಿಸದೆ ಹಾಗೇ ಹಿಡಿದುಕೊಂಡೆ.

"ಇದ್ನೇ ಕೊಡಿ ಸ್ವಾಮಿ" ಅಂದರು ಅಪ್ಪ.

ಲೈಸೆನ್ಸಿನಲ್ಲಿ ಕೋವಿಯ ನಂಬರು ಬರೆಸುವ ಓಡಾಟವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಇಬ್ಬರೂ ರೇಂಜಿಗೆ ಹೋದೆವು. ಅಲ್ಲಿಯ ಮೇಲ್ವಿಚಾರಕರು ಅಪ್ಪನನ್ನು ಬಲ್ಲವರು. ನನ್ನ ಹೆಸರನ್ನೂ ಬರೆದುಕೊಂಡು, ಅಪ್ಪ ಪಕ್ಕದಲ್ಲೇ ಇರಬೇಕೆಂದು ಹೇಳಿ ಒಪ್ಪಿದರು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಹಿಂದೆ ಕೂತರು.

ಮೊದಲ ಗುಂಡಿಗೆ ಭುಜ ಸಿಡಿದಂತಾಯಿತು. ಬಿಲ್ಲೆ ಹಾರಿ ದೂರದ ಹುಲ್ಲಿಗೆ ಇಳಿಯಿತು.

"ಬಿಲ್ಲೆ ಇರೋ ಕಡೆ ಹೊಡೀಬ್ಯಾಡ. ಓಯ್ತಾ ಇರೋ ಕಡೆ ಹೊಡಿ."

ಮತ್ತೆ ತಪ್ಪಿತು.

"ನಿಲ್ಲುಸ್ಬುಟ್ಟೆ. ಹೊಡೆದ್ ಮ್ಯಾಲೂ ಕೋವಿ ತಿರುಗ್ತಾ ಇರ್ಬೇಕು."

ಮತ್ತೂ ತಪ್ಪಿತು. ಕೆನ್ನೆ ಉರಿಯುತ್ತಿತ್ತು, ತೋಳು ಸೋತಿತ್ತು. ಅಪ್ಪ ಎದ್ದರು. "ಒಂದೇ ಒಂದು ನಾನು" ಅಂದರು.

ಮೇಲ್ವಿಚಾರಕರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಬೇಡ ಎನ್ನುವ ಹಕ್ಕು ಇಬ್ಬರಿಗೂ ಇತ್ತು, ಇಬ್ಬರೂ ಅನ್ನಲಿಲ್ಲ. ಅವರು ಅಪ್ಪನ ಬೆನ್ನ ಹಿಂದೆ ಹತ್ತಿರವೇ ನಿಂತರು. ನಾನು ಎಡಮಗ್ಗುಲಿಗೆ ನಿಂತು, ಅಪ್ಪನ ಕೈಯ ಕೆಳಗೆ ನನ್ನ ಅಂಗೈ ಇಟ್ಟು ನಳಿಗೆಯ ಭಾರ ಹೊತ್ತೆ. ಅಂಗಡಿಯಲ್ಲಿ ಕೊಡದೆ ಉಳಿದ ಕೈಯನ್ನು ಈಗ ಕೊಟ್ಟಾಗ ಅಪ್ಪ ಬೇಡ ಅನ್ನಲಿಲ್ಲ. ಒಂದೇ ತೋಟಾ ಹಾಕಿದೆವು. ಅಪ್ಪನ ಉಸಿರು ನನ್ನ ಕಿವಿಯ ಪಕ್ಕದಲ್ಲಿ ಕೇಳುತ್ತಿತ್ತು.

"ಪುಲ್!" ಎಂದು ಬಿಲ್ಲೆ ಬಿಡಲು ಕೂಗಿದರು. ದನಿ ಮಾತ್ರ ಹಳೆಯದೇ.

ಬಿಲ್ಲೆ ಎಡಕ್ಕೆ ಹಾರಿತು. ಅಪ್ಪನ ಭುಜ ಅದರ ಹಿಂದೆ ತಿರುಗಿತು. ಆದರೆ ನನ್ನ ಕೈಗೆ ತಿರುಗುವುದು ಗೊತ್ತಿರಲಿಲ್ಲ. ಅವರ ಕಣ್ಣು ಯಾವಾಗ ಹೊರಡುತ್ತದೆಂದು ನನಗೆ ತಿಳಿಯುವುದಾದರೂ ಹೇಗೆ? ನಾನು ಒಂದು ಕ್ಷಣ ತಡವಾಗಿ ಸರಿದೆ, ಆಮೇಲೆ ಹೆಚ್ಚು ಸರಿದೆ. ನಳಿಗೆ ತಡವರಿಸಿತು. ಅಪ್ಪ ಟ್ರಿಗರ್ ಒತ್ತಲೇ ಇಲ್ಲ. ಬಿಲ್ಲೆ ತನ್ನ ಪಾಡಿಗೆ ಹೋಗಿ ಮುರಿಯದೆ ಹುಲ್ಲಿನ ಮೇಲೆ ಕೂತಿತು. ಬಿಸಿಲಿಗೆ ಅದರ ಕಪ್ಪು ಮೈಗೆ ಬಳಿದ ಕಿತ್ತಳೆ ಬಣ್ಣ ಹೊಳೆಯುತ್ತಿತ್ತು.

ಅಪ್ಪ ಕೋವಿ ಮಡಿಸಿ, ತೋಟಾ ಹೊರತೆಗೆದು ಜೇಬಿಗೆ ಹಾಕಿಕೊಂಡರು.

"ನಂದೇ ತಪ್ಪಪ್ಪ. ಇನ್ನೊಂದ್ಸಲ ನೋಡನ" ಅಂದೆ.

"ಬುಡವ್ವ. ಇದು ಇಬ್ರು ಮಾಡೋ ಕೆಲಸ ಅಲ್ಲ."

ಅಷ್ಟೇ ಅಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು, ನಿದ್ದೆ ಮಾಡಿರಲಿಲ್ಲ. ಮನೆಗೆ ಬಂದಾಗ ಅವ್ವ ನಮ್ಮಿಬ್ಬರ ಮುಖ ನೋಡಿ ಬಿಸಿನೀರು ಕಾಯಿಸಿ ನನ್ನ ಭುಜಕ್ಕೆ ಶಾಖ ಕೊಟ್ಟಳು. ಅಲ್ಲಿ ನೇರಳೆ ಬಣ್ಣಕ್ಕೆ ಕಂದಿಹೋಗಿತ್ತು. ಶಾಖ ಕೊಡುತ್ತ ಅತ್ತಳು. ನನಗೋ ಅಪ್ಪನಿಗೋ, ಯಾರಿಗಾಗಿ ಅಂತ ನಾನು ಕೇಳಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಹೇಳಿ ಕಳಿಸಿದರು. ಹನೂರಿನ ಠಾಣೆಗೆ ನಾನೇ ಅಪ್ಪನನ್ನು ಕರೆದುಕೊಂಡು ಹೋದೆ. ಪೊಲೀಸಿನವನು ಕೋವಿಗೆ ಚೀಟಿ ಕಟ್ಟುತ್ತ, "ಈ ವಯಸ್ನಲ್ಲಿ ಯಾಕ್ ಸಾ ಇದೆಲ್ಲ ನಿಮ್ಗೆ? ಸರೆಂಡರ್ ಮಾಡ್ಬುಡಿ, ಆರಾಮಾಗಿರಿ" ಅಂದ. ಅವನು ಒಳ್ಳೆಯ ಮಾತಿಗೇ ಅಂದದ್ದು. ಅಪ್ಪ, "ಮಗಳ ಹೆಸ್ರುಗೆ ಮಾಡುಸ್ತಾ ಇವ್ನಿ ಕಣಪ್ಪ" ಅಂದರು. ನನಗೆ ಆ ವಿಷಯ ತಿಳಿದದ್ದೇ ಆಗ. ಅರ್ಜಿ ಆಗಲೇ ಹೋಗಿತ್ತು, ಹೊಸ ಕೋವಿಯ ಓಡಾಟದಲ್ಲಿ ನಾನು ಓದದೆ ಸಹಿ ಹಾಕಿದ ಕಾಗದಗಳಲ್ಲಿ ಅದೂ ಒಂದಿತ್ತು. ಪೊಲೀಸಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಮ್ಮೋರು ಟೀಚರ್ ಅಲ್ವಾ?" ಅಂದ. ಹೌದು ಅಂದೆ. "ಮಕ್ಳು ಎದುರ್ಕತವೆ ಬುಡಿ" ಎಂದು ನಕ್ಕ. ಅಪ್ಪನೂ ನಕ್ಕರು. ನಾನೂ ನಗಲೇಬೇಕಾಯಿತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕೇಳಿದೆ, "ನನ್ನನ್ನೊಂದ್ ಮಾತು ಕೇಳಬಾರದಿತ್ತಾಪ್ಪ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಹೂಂ. ಅಂತಿದ್ದೆ."

"ಅದ್ಕೇ ಕೇಳ್ನಿಲ್ಲ" ಅಂದರು. ಕೌದಳ್ಳಿ ಕಡೆಯ ಬಸ್ಸು ಬಂತು. ಹತ್ತುವಾಗ ಕಂಬಿ ಹಿಡಿಯಲು ಎಡಗೈ ಚಾಚಿದರು, ಅದು ಜಾರಿತು. ನಾನು ತೋಳು ಹಿಡಿದೆ.

ಚುನಾವಣೆ ಮುಗಿದು ಕೋವಿ ಮರಳಿ ಸಿಕ್ಕ ಮೇಲೆ ಮತ್ತೆ ರೇಂಜಿಗೆ ಹೋಗಲು ಶುರು ಮಾಡಿದೆವು. ಅಪ್ಪ ಆಮೇಲೆ ಒಂದು ಸಲವೂ ಕೋವಿಯನ್ನು ಭುಜಕ್ಕೆ ತರಲಿಲ್ಲ. ಕುರ್ಚಿಯಲ್ಲಿ ಕೂತು ನನಗೆ ಹೇಳಿಕೊಡುತ್ತಾರೆ. ನಾನು ಕಲಿಯುತ್ತೇನೆ, ಇಷ್ಟವಿಲ್ಲದ ಪಾಠವನ್ನು ಮಕ್ಕಳು ಕಲಿಯುವ ಹಾಗೆ. ಬೇಡ ಎನ್ನುವ ಮಾತು ಪ್ರತಿ ಸಲ ಮೈಸೂರಿನ ದಾರಿಯುದ್ದಕ್ಕೂ ನನ್ನ ಬಾಯಲ್ಲಿರುತ್ತದೆ. ಬೆಳಿಗ್ಗೆಯೇ ಎದ್ದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನಗಾಗಿ ಜಗಲಿಯಲ್ಲಿ ಕಾದು ಕೂತವರಿಗೆ ಅದನ್ನು ಹೇಗೆ ಹೇಳಲಿ? ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ. ಅದು ಮಂಜೂರಾಗಲಿ ಎಂದೂ ನನಗೆ ಅನ್ನಿಸುವುದಿಲ್ಲ, ತಿರಸ್ಕಾರವಾಗಲಿ ಎಂದೂ ಅನ್ನಿಸುವುದಿಲ್ಲ.

ಕಳೆದ ಸಲ ಹೋದಾಗ ಒಂದು ಬಿಲ್ಲೆ ನನ್ನ ಗುಂಡಿಗೆ ಸಿಕ್ಕಿತು. ಅದು ಹೇಗೆ ಸಿಕ್ಕಿತೋ ನನಗೇ ಗೊತ್ತಿಲ್ಲ. ಕೋವಿ ತಾನಾಗಿ ತಿರುಗಿತು, ಬಿಲ್ಲೆ ಗಾಳಿಯಲ್ಲಿ ಪುಡಿಪುಡಿಯಾಗಿ ಕಪ್ಪು ಧೂಳಾಯಿತು. ಅಷ್ಟು ತಿಂಗಳಲ್ಲಿ ಮೊದಲ ಬಾರಿ ನನಗೆ ಖುಷಿಯಾಯಿತು. ಚಿಕ್ಕ ಹುಡುಗಿಯ ಹಾಗೆ "ಅಪ್ಪಾ!" ಎಂದು ಹಿಂದಕ್ಕೆ ತಿರುಗಿದೆ.

ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಗ್ಗಿದ್ದರು. ಹುಲ್ಲಿನಲ್ಲಿ ಬಿದ್ದಿದ್ದ ಒಂದು ಖಾಲಿ ತೋಟಾವನ್ನು ಎಡಗೈಯಿಂದ ಎತ್ತಿಕೊಳ್ಳಲು ನೋಡುತ್ತಿದ್ದರು. ಬೆರಳು ಅದರ ಸುತ್ತ ಮಡಿಸಿಕೊಳ್ಳುತ್ತಿತ್ತು, ಎತ್ತುವ ಹೊತ್ತಿಗೆ ಬಿಚ್ಚಿಕೊಳ್ಳುತ್ತಿತ್ತು. ಅವರ ಗಮನವೆಲ್ಲ ಅದರ ಮೇಲೆಯೇ. ನನ್ನ ದನಿಗೆ ತಲೆಯೆತ್ತಿದರು.

"ಬಿತ್ತಾ?"

"ಬಿತ್ತಪ್ಪ. ಪುಡಿಪುಡಿ."

"ಅಯ್ಯೋ, ನಾನ್ ನೋಡ್ನಿಲ್ಲವಲ್ಲವ್ವ." ಬಲಗೈಯಿಂದ ಆ ತೋಟಾ ಎತ್ತಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ಕೂತರು. "ಇನ್ನೊಂದ್ ಹೊಡಿ. ಈಗ ನೋಡ್ತೀನಿ."

ಅವತ್ತು ಉಳಿದಿದ್ದ ತೋಟಾಗಳನ್ನೆಲ್ಲ ಹೊಡೆದೆ. ಅವರು ಕಣ್ಣು ಕೂಡ ಮಿಟುಕಿಸದೆ ನೋಡುತ್ತ ಕೂತಿದ್ದರು. ಒಂದೂ ತಾಗಲಿಲ್ಲ.